ಮೂರು ಬೆರಳಿನ ಉಪ್ಪು

ಅಹ್ಮದ್ ಪಾಷಾ ಅವರ ಅಂಗಡಿಯಲ್ಲಿ ಬೀಗದೊಳಗೆ ಹೋಗದ ಸಾಮಾನು ಒಂದೇ ಒಂದಿತ್ತು. ಅದು ಉಪ್ಪು. ರಾತ್ರಿ ಹಲಗೆ ಜೋಡಿಸಿ ಅಂಗಡಿ ಮುಚ್ಚುವಾಗ ಅಕ್ಕಿ, ಬೇಳೆ, ಸೀಮೆಎಣ್ಣೆ ಎಲ್ಲವೂ ಒಳಗೆ ಹೋಗುತ್ತಿದ್ದವು. ಕಲ್ಲುಪ್ಪಿನ ಮೂಟೆ ಮಾತ್ರ ಸೂರಿನ ಕೆಳಗೆ, ಜಗುಲಿಯ ಮೇಲೆ, ಬಾಯಿ ತೆರೆದುಕೊಂಡೇ ಇರುತ್ತಿತ್ತು. ಹಲಸೂರಿನ ಕಡೆಯ ಅಂಗಡಿಗಳಲ್ಲೆಲ್ಲ ಹಾಗೆಯೇ. ಉಪ್ಪನ್ನು ಯಾರು ಕದಿಯುತ್ತಾರೆ?

ಆ ಕಾರ್ತಿಕದಲ್ಲಿ ಮಳೆ ಹಿಡಿದ ಐದನೆಯ ದಿನ ಆ ಮೂಟೆಯೂ ಒಳಗೆ ಹೋಯಿತು.

ಇಂದಿರಾನಗರ ಆಗಿನ್ನೂ ಹೊಸ ಬಡಾವಣೆ. ಮನೆಗಳ ನಡುವೆ ಅಲ್ಲಲ್ಲಿ ರಾಗಿ ಹೊಲ ಉಳಿದಿತ್ತು. ಅಲ್ಲೊಂದು ಸಣ್ಣ ಮನೆಯಲ್ಲಿ ಸುಬ್ಬಲಕ್ಷ್ಮಿ ಇದ್ದಳು. ಗಂಡ ಶ್ರೀಕಂಠಯ್ಯ ವಿಮಾ ಕಚೇರಿಯಲ್ಲಿ ಗುಮಾಸ್ತೆ. ಅತ್ತೆ ಅಮ್ಮಣ್ಣಿ. ಎರಡೂವರೆ ವರ್ಷದ ಒಬ್ಬ ಮಗ.

ಅವರ ಮನೆಗೆ ಹಾಲು ಹಾಕುತ್ತಿದ್ದವಳು ಬೈರಮ್ಮ. ಕೆರೆ ಏರಿಯ ಕೆಳಗಿನ ಹಳೆಯ ಊರಿನವಳು. ಬಡಾವಣೆಯಾಗುವ ಮುಂಚೆ, ಸುಬ್ಬಲಕ್ಷ್ಮಿಯ ಮನೆ ನಿಂತಿರುವ ಜಾಗದಲ್ಲಿ ಬೈರಮ್ಮನವರ ರಾಗಿ ಬೆಳೆಯುತ್ತಿತ್ತು. ಅದನ್ನು ಅವಳು ಒಮ್ಮೆಯೂ ಆಡಿ ತೋರಿಸಿದವಳಲ್ಲ. ಬೆಳಿಗ್ಗೆ ಬಂದು ಪಾವಿನಲ್ಲಿ ಅಳೆದು ಹಾಲು ಹುಯ್ಯುವಳು. ಆಮೇಲೆ ಇನ್ನೊಂದಿಷ್ಟು ಕೊಸರು. “ಇದು ಮಗೀಗೆ” ಅನ್ನುವಳು. ಅವಳ ಸೆರಗು ಹಿಡಿದುಕೊಂಡು ಮೂರು ವರ್ಷದ ಮೊಮ್ಮಗಳು ಪಿಳ್ಳಮ್ಮ ನಿಂತಿರುತ್ತಿದ್ದಳು.

ಕೆರೆ ಕೋಡಿ ಬಿದ್ದು ಊರಿನ ಬಾವಿಗಳಿಗೆ ಕೊಳಕು ನೀರು ನುಗ್ಗಿದ ಮೇಲೂ ಬೈರಮ್ಮ ಮೊಣಕಾಲುದ್ದ ನೀರಿನಲ್ಲಿ ಹಾಲು ಹೊತ್ತು ಬಂದಳು. ಬೇರೆಯವರು ಹಾಲಿನ ಬೆಲೆಯನ್ನು ಎರಡರಷ್ಟು ಮಾಡಿದ್ದರು.

“ನೀನೂ ಜಾಸ್ತಿ ಮಾಡ್ತೀಯೇನೇ?” ಎಂದು ಅಮ್ಮಣ್ಣಿ ಕೇಳಿದರು.

“ಮಳೆ ಬಂತು ಅಂತ ನಮ್ಮೆಮ್ಮೆ ಏನಾದ್ರೂ ಜಾಸ್ತಿ ದುಡ್ಡು ಕೇಳ್ತದಾ ದೊಡ್ಡಮ್ಮಾವ್ರೆ?” ಎಂದು ಬೈರಮ್ಮ ನಕ್ಕಳು.

ಅದೇ ದಿನ ಶ್ರೀಕಂಠಯ್ಯ ಕಚೇರಿಯಿಂದ ಬೇಗ ಬಂದರು. ಸೈಕಲ್ಲನ್ನು ಗೋಡೆಗೆ ಒರಗಿಸುತ್ತಲೇ ಹೇಳಿದರು:

“ಬೈಯಪ್ಪನಹಳ್ಳಿ ಆಚೆ ಹಳಿ ಮೇಲೆ ನೀರು ಬಂದಿದೆಯಂತೆ. ತೂತುಕುಡಿಯಿಂದ ಉಪ್ಪಿನ ವ್ಯಾಗನ್ನು ಇನ್ನು ಮೂರು ತಿಂಗಳು ಬರಲ್ವಂತೆ.”

“ಯಾರು ಹೇಳಿದ್ದು?” ಎಂದಳು ಸುಬ್ಬಲಕ್ಷ್ಮಿ.

“ಆಫೀಸಲ್ಲಿ ಎಲ್ರೂ ಹೇಳ್ತಿದ್ರು.”

“ಅವರಿಗೆ ಯಾರು ಹೇಳಿದ್ರಂತೆ?”

ಒಳಗಿನಿಂದ ಅಮ್ಮಣ್ಣಿಯ ಮಾತು ಬಂತು. “ಯಾರು ಹೇಳಿದ್ರೇನು? ಯುದ್ಧದ ಕಾಲದಲ್ಲಿ ಒಂದು ಪಡಿ ಅಕ್ಕಿಗೆ ನಾನು ಬೆಳಗಿಂದ ಸಾಯಂಕಾಲದವರೆಗೆ ಸಾಲಲ್ಲಿ ನಿಂತಿದ್ದೀನಿ. ನಿಮಗೇನು ಗೊತ್ತು? ಹೋಗಿ, ಸಿಕ್ಕಷ್ಟು ತಂದುಬಿಡಿ.”

ಗಂಡ ಹೆಂಡತಿ ಇಬ್ಬರೂ ಹೋದಾಗ ಅಂಗಡಿಯ ಮುಂದೆ ಜನ ಮುತ್ತಿಕೊಂಡಿದ್ದರು. ಬೆಂಕಿಪೊಟ್ಟಣ ಮುಗಿದಿತ್ತು, ಮೇಣದ ಬತ್ತಿ ಮುಗಿದಿತ್ತು. ಜಗುಲಿ ಬರಿದಾಗಿತ್ತು. ಅಹ್ಮದ್ ಪಾಷಾ ತಕ್ಕಡಿ ಹಿಡಿದು ಬೆವರುತ್ತಿದ್ದರು.

“ಅರ್ಧ ಮೂಟೆ ಉಪ್ಪು ಕೊಡಿ ಸಾಬ್ರೆ” ಎಂದರು ಶ್ರೀಕಂಠಯ್ಯ.

“ಅರ್ಧ ಮೂಟೆನಾ? ಏನ್ ಸ್ವಾಮಿ, ಉಪ್ಪಿನಕಾಯಿ ಫ್ಯಾಕ್ಟರಿ ಹಾಕ್ತೀರಾ?” ಎಂದು ಪಾಷಾ ನಕ್ಕರು. ಆದರೆ ಆ ನಗೆಯಲ್ಲಿ ಹುರುಪಿರಲಿಲ್ಲ. “ಫಿಕರ್ ಮಾಡಬೇಡಿ. ನಾಲ್ಕು ದಿನ ತಡೀರಿ, ಮಾಲು ಬರುತ್ತೆ. ಇಪ್ಪತ್ತು ವರ್ಷದಿಂದ ಅಂಗಡಿ ನಡೆಸ್ತಾ ಇದ್ದೀನಿ. ಉಪ್ಪಿಲ್ಲ ಅಂತ ಯಾರನ್ನೂ ವಾಪಸ್ ಕಳಿಸಿಲ್ಲ.”

ಅಲ್ಲೇ ಕೊಡೆ ಹಿಡಿದು ಖುರ್ಷೀದ್ ನಿಂತಿದ್ದರು. ಹೆರಿಗೆ ಆಸ್ಪತ್ರೆಯ ದಾದಿ. ಮನೆಮನೆಗೆ ಬಂದು ತಾಯಿ ಮಕ್ಕಳ ಆರೋಗ್ಯ ವಿಚಾರಿಸುವವರು. ಎಲ್ಲರೂ ಅವರನ್ನು ನರ್ಸಮ್ಮ ಎನ್ನುತ್ತಿದ್ದರು. ಅವರ ಕೈಯಲ್ಲಿದ್ದದ್ದು ಅರ್ಧ ಕಿಲೋದ ಒಂದೇ ಪೊಟ್ಟಣ.

“ಅಷ್ಟು ಸಾಕಾ ನರ್ಸಮ್ಮ?” ಎಂದಳು ಸುಬ್ಬಲಕ್ಷ್ಮಿ.

“ತಿಂಗಳಿಗೆ ನಮ್ಮನೆಗೆ ಇಷ್ಟೇ ಬೇಕಾಗೋದು. ಮಳೆ ಬಂದ್ರೆ ಸಾರಿಗೆ ಎರಡು ಸಲ ಉಪ್ಪು ಹಾಕ್ತೀವಾ?” ಅವರು ದನಿ ತಗ್ಗಿಸಿದರು. “ನೋಡಿ ಅಮ್ಮ, ಉಪ್ಪು ಕಡಿಮೆ ಆಗಿಲ್ಲ. ಮೂರು ತಿಂಗಳಿಗೆ ಬೇಕಾದ್ದನ್ನ ಎಲ್ರೂ ಇವತ್ತೇ ಹೊತ್ಕೊಂಡು ಹೋಗ್ತಿದ್ದಾರೆ. ಎಂದಿನಷ್ಟೇ ತಗೊಂಡ್ರೆ ಎಲ್ರಿಗೂ ಆಗುತ್ತೆ. ಆಮೇಲೆ ಬರೋರ ಗತಿ ಏನು ಹೇಳಿ?”

ಸುಬ್ಬಲಕ್ಷ್ಮಿ ಗಂಡನ ಮುಖ ನೋಡಿದಳು. ಗಂಡ ಸಾಲಿನ ಕಡೆ ನೋಡಿದರು. ನರ್ಸಮ್ಮನ ಮಾತು ಸರಿಯೆಂದು ಇಬ್ಬರಿಗೂ ಗೊತ್ತಾಗಿತ್ತು. ಆದರೂ ಹಿಂದೆ ನಿಂತವರು ತಳ್ಳುತ್ತಿದ್ದರು. ತಾವು ಬಿಟ್ಟರೆ ಅವರು ಒಯ್ಯುತ್ತಾರೆ ಎನ್ನುವ ಒಂದೇ ಯೋಚನೆ ಉಳಿದದ್ದನ್ನೆಲ್ಲ ನುಂಗಿತು. ಪಾಷಾ ಕೊನೆಗೆ ತೂಗಿಕೊಟ್ಟ ಅರ್ಧ ಮೂಟೆಯನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿದರು. ಶ್ರೀಕಂಠಯ್ಯ ತಮ್ಮ ಮಳೆಕೋಟನ್ನು ಬಿಚ್ಚಿ ಅದಕ್ಕೆ ಹೊದಿಸಿದರು. ತಾವು ನೆನೆದುಕೊಂಡು ಮನೆಗೆ ಬಂದರು.

ಮೂಟೆ ನಡುಮನೆಯ ಮಂಚದ ಕೆಳಗೆ ಸೇರಿತು. ಅಮ್ಮಣ್ಣಿ ಅದರ ಮುಂದೆ ಹಳೆಯ ಸೀರೆಯೊಂದನ್ನು ಇಳಿಬಿಟ್ಟರು. “ಯಾರಾದ್ರೂ ಕೇಳಿದ್ರೆ ಇಲ್ಲ ಅನ್ನು” ಎಂದರು.

ಗೋಣಿಯಲ್ಲಿಟ್ಟ ಕಲ್ಲುಪ್ಪು ಥಂಡಿ ಹವೆಯಲ್ಲಿ ಸುಮ್ಮನಿರುವುದಿಲ್ಲ. ಮೂರನೆಯ ದಿನಕ್ಕೆ ಅದು ನೀರೊಡೆಯಿತು. ಮಂಚದ ಕೆಳಗಿನಿಂದ ಸಣ್ಣಗೆ ಹರಿಯತೊಡಗಿತು. ಸುಬ್ಬಲಕ್ಷ್ಮಿ ಒರೆಸಿದಷ್ಟೂ ಮತ್ತೆ ಬರುತ್ತಿತ್ತು.

ಆ ಸಂಜೆ ಅಮ್ಮಣ್ಣಿ ದೇವರ ಮುಂದೆ ದೀಪ ಹಚ್ಚಿ ಬಂದು ಕೂತಿದ್ದರು. ಬಾಗಿಲಲ್ಲಿ ಬೈರಮ್ಮನ ದನಿ ಕೇಳಿಸಿತು. ಹಾಲು ತರುವ ಹೊತ್ತಲ್ಲ ಅದು. ತಲೆಯ ಮೇಲೆ ಗೋಣಿಯ ಕೊಪ್ಪೆ, ಕೈ ಬರಿದು.

“ದೊಡ್ಡಮ್ಮಾವ್ರೆ, ಒಂಚೂರು ಉಪ್ಪು ಕೊಡ್ರವ್ವ. ಪಿಳ್ಳಿಗೆ ಬೆಳಗಿಂದ ನೀರು ನೀರಾಗಿ ಭೇದಿ. ಕಣ್ಣು ಒಳಕ್ಕೆ ಹೋಗ್ಬಿಟ್ಟವೆ. ನರ್ಸಮ್ಮ ಬಂದಿದ್ರು. ಕಾಸಿದ ನೀರಿಗೆ ಉಪ್ಪು, ಬೆಲ್ಲ ಹಾಕಿ ಕುಡಿಸ್ತಾನೇ ಇರು, ಕತ್ಲಲ್ಲಿ ಈ ನೀರು ದಾಟಾಕಾಗಲ್ಲ, ಬೆಳಿಗ್ಗೆ ಹೆಂಗಾದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗನ ಅಂದ್ರು. ಬೆಲ್ಲ ಐತೆ. ಉಪ್ಪಿನ ಮಡಿಕೆ ನೀರು ಪಾಲಾಯ್ತು. ಅಂಗ್ಡೀಲಿ ಇಲ್ಲ. ನಾಕು ಮನೆ ಕೇಳ್ದೆ. ಎಲ್ರೂ ಇಲ್ಲ ಅಂತಾರೆ.”

ಸುಬ್ಬಲಕ್ಷ್ಮಿ ಅಡುಗೆಮನೆಯಲ್ಲಿದ್ದಳು. ಮಾತು ಮುಗಿಯುವ ಮೊದಲೇ ಅವಳ ಕೈ ಉಪ್ಪಿನ ಜಾಡಿಯೊಳಗೆ ಹೋಗಿತ್ತು. ಹಿಡಿ ತುಂಬ ಉಪ್ಪು ಬಂದಿತ್ತು.

“ದೀಪ ಹಚ್ಚಾಯ್ತಲ್ಲೇ ಬೈರಮ್ಮ” ಎಂದರು ಅಮ್ಮಣ್ಣಿ. “ದೀಪ ಹಚ್ಚಿದ ಮೇಲೆ ಉಪ್ಪು ಹೊರಗೆ ಕೊಟ್ರೆ ಮನೆ ಲಕ್ಷ್ಮಿ ಹೋಗ್ತಾಳೆ ಅಂತಾರೆ. ನಿನಗೂ ಗೊತ್ತಿರೋದೇ. ಬೆಳಿಗ್ಗೆ ಬಾ.”

ಆ ಪದ್ಧತಿ ಬೈರಮ್ಮನ ಮನೆಯಲ್ಲೂ ಇತ್ತು. ಹೊಸ್ತಿಲ ಹತ್ತಿರ ತೆಳ್ಳಗೆ ನೀರು ಹರಿದು ಬಂದಿತ್ತು. ಅದರ ಅಂಚು ಒಣಗಿ ಬೆಳ್ಳಗೆ ಉಪ್ಪು ಕಟ್ಟಿತ್ತು. ಬೈರಮ್ಮ ತಲೆ ತಗ್ಗಿಸಿದಳು. ಅದನ್ನು ಕಂಡಳೋ ಇಲ್ಲವೋ, ಸುಬ್ಬಲಕ್ಷ್ಮಿಗೆ ಇಂದಿಗೂ ತಿಳಿಯದು.

“ಆಗ್ಲಿ ದೊಡ್ಡಮ್ಮಾವ್ರೆ” ಎಂದು ಹೋದಳು.

ಸುಬ್ಬಲಕ್ಷ್ಮಿ ಒಂದು ಮಾತು ಆಡಬಹುದಿತ್ತು. ಹಿತ್ತಲ ಬಾಗಿಲಿನಿಂದ ಓಡಿ ಹೋಗಿ ಕೊಟ್ಟು ಬರಬಹುದಿತ್ತು. ಅತ್ತೆಗೆ ಎದುರಾಡಿ ಅಭ್ಯಾಸವಿಲ್ಲ ಎಂದುಕೊಂಡಳು. ಬೆಳಿಗ್ಗೆ ಕೊಟ್ಟರಾಯಿತು ಎಂದುಕೊಂಡಳು. ಹಿಡಿಯಲ್ಲಿದ್ದ ಉಪ್ಪನ್ನು ಜಾಡಿಗೆ ಬಿಟ್ಟಳು. ಬೆವರಿದ ಅಂಗೈಗೆ ನಾಲ್ಕು ಹರಳು ಅಂಟಿಕೊಂಡಿದ್ದವು. ಅವನ್ನು ಸೆರಗಿಗೆ ಒರೆಸಿಕೊಂಡಳು.

ಬೆಳಿಗ್ಗೆ ಹಾಲು ಬರಲಿಲ್ಲ.

ಸುಬ್ಬಲಕ್ಷ್ಮಿ ಕಾಗದದಲ್ಲಿ ಉಪ್ಪು ಕಟ್ಟಿಕೊಂಡು, ಯಾರಿಗೂ ಹೇಳದೆ, ಕೆರೆಯ ಕೆಳಗಿನ ಊರಿಗೆ ಹೋದಳು. ಮಳೆ ನಿಂತಿತ್ತು. ಬೈರಮ್ಮನ ಮನೆಯ ಮುಂದೆ ಹೆಂಗಸರು ಕೂತಿದ್ದರು. ಯಾರೂ ಅಳುತ್ತಿರಲಿಲ್ಲ. ಅತ್ತು ಮುಗಿದಿತ್ತು. ಪಿಳ್ಳಮ್ಮನನ್ನು ಚಾಪೆಯ ಮೇಲೆ ಮಲಗಿಸಿ ಅಜ್ಜಿಯ ಸೀರೆ ಹೊದಿಸಿದ್ದರು. ಸೀರೆ ದೊಡ್ಡದು, ಮಗು ಚಿಕ್ಕದು.

ಬೈರಮ್ಮ ತಲೆ ಎತ್ತಿ ನೋಡಿದಳು. “ಇವತ್ತು ಹಾಲು ತರಾಕಾಗ್ಲಿಲ್ಲ ಕಣವ್ವಾ” ಎಂದಳು. “ಮಗೀಗೆ ಏನು ಮಾಡಿದ್ರಿ?”

ಸುಬ್ಬಲಕ್ಷ್ಮಿ ಪೊಟ್ಟಣವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

ಹೊರಗೆ ಖುರ್ಷೀದ್ ಕಲ್ಲಿನ ಮೇಲೆ ಕೂತಿದ್ದರು. ಬೆಳಗಾಗುವ ಮುಂಚೆಯೇ ಬಂದಿದ್ದರಂತೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಸುಬ್ಬಲಕ್ಷ್ಮಿ ಅವರ ಪಕ್ಕದಲ್ಲಿ ಕೂತಳು. ಮೆಲ್ಲಗೆ ಕೇಳಿದಳು:

“ಉಪ್ಪು ಎಷ್ಟು ಬೇಕಾಗಿತ್ತು ನರ್ಸಮ್ಮ?”

ಖುರ್ಷೀದ್ ಮೂರು ಬೆರಳು ಜೋಡಿಸಿ ತೋರಿಸಿದರು. “ಪುಡಿ ಮಾಡಿದ್ದು, ಇಷ್ಟು. ಅರ್ಧ ಲೀಟರ್ ನೀರಿಗೆ ಒಂದು ಚಿಟಿಕೆ.”

“ಕೊಟ್ಟಿದ್ರೆ ಉಳೀತಿತ್ತಾ?”

“ಅದನ್ನ ನಾನು ಹೇಳಲಾರೆ ಅಮ್ಮ. ಉಳೀತಿರಲಿಲ್ಲ ಅಂತಾನೂ ಹೇಳಲಾರೆ.” ತಮ್ಮ ಚೀಲ ಮುಟ್ಟಿ ಅಂದರು: “ನಿನ್ನೆ ನನ್ನ ಚೀಲದಲ್ಲೂ ಉಪ್ಪಿರಲಿಲ್ಲ. ಉಪ್ಪಿಲ್ಲದ ಮನೆ ಎಲ್ಲಿರುತ್ತೆ ಅಂದ್ಕೊಂಡುಬಿಟ್ಟೆ.”

ಮನೆಗೆ ಬಂದು ಸುಬ್ಬಲಕ್ಷ್ಮಿ ಅತ್ತೆಯ ಮುಂದೆ ನಿಂತಳು. ಮೂರು ಬೆರಳು ಜೋಡಿಸಿ ತೋರಿಸಿದಳು. “ಇಷ್ಟೇ ಬೇಕಾಗಿದ್ದದ್ದು ಅತ್ತೆ. ಮಗು ಹೋಯ್ತು.”

ಅಮ್ಮಣ್ಣಿ ಆ ಬೆರಳುಗಳನ್ನು ನೋಡುತ್ತ ಕೂತರು. “ಕೊಡಬಾರದು ಅಂತಲೇ ನಮ್ಮತ್ತೆ ಹೇಳಿಕೊಟ್ಟಿದ್ದು” ಎಂದರು. ಆಮೇಲೆ ತಮಗೆ ತಾವೇ ಎನ್ನುವಂತೆ, “ಆದ್ರೆ ನಿನ್ನೆ ನಾನು ದೀಪಕ್ಕೋಸ್ಕರ ಇಲ್ಲ ಅನ್ನಲಿಲ್ಲ. ಮೂಟೆಗೋಸ್ಕರ ಅಂದೆ” ಎಂದರು. ಆ ದಿನ ಅವರು ಊಟ ಮಾಡಲಿಲ್ಲ.

ಮಾರನೆಯ ದಿನ ವ್ಯಾಗನ್ನು ಬಂತು. ಹಳಿಯ ಮೇಲೆ ನೀರು ನಿಂತಿದ್ದದ್ದು ಎರಡೇ ದಿನವಂತೆ. ಅಹ್ಮದ್ ಪಾಷಾ ಅವರ ಜಗುಲಿಯ ಮೇಲೆ ಉಪ್ಪಿನ ಮೂಟೆ ಮತ್ತೆ ಬಾಯಿ ತೆರೆದು ಕೂತಿತು. ಶ್ರೀಕಂಠಯ್ಯ ಮಂಚದ ಕೆಳಗಿನ ಗೋಣಿಯನ್ನು ಎಳೆದರು. ಅರ್ಧಕ್ಕರ್ಧ ಕರಗಿಹೋಗಿತ್ತು. ಉಳಿದದ್ದನ್ನು ಕೆರೆಯ ಕೆಳಗಿನ ಮನೆಗಳಿಗೆ ಹಂಚಲು ಅಮ್ಮಣ್ಣಿಯೇ ಹೋದರು. ನರ್ಸಮ್ಮ ಜೊತೆಗಿದ್ದು, ಮನೆಮನೆಯಲ್ಲೂ ಉಪ್ಪುನೀರು ಮಾಡುವುದನ್ನು ತೋರಿಸಿದರು. ಬೈರಮ್ಮನ ಹೊಸ್ತಿಲ ಮುಂದೆ ಬಂದಾಗ ಅಮ್ಮಣ್ಣಿ ಒಳಗೆ ಹೋಗದೆ ನಿಂತರು. ಬೈರಮ್ಮನೇ ಹೊರಗೆ ಬಂದು ಸೆರಗೊಡ್ಡಿದಳು.

ಹದಿನೈದು ದಿನ ಕಳೆದ ಮೇಲೆ ಬೈರಮ್ಮ ಮತ್ತೆ ಹಾಲು ತಂದಳು. ಅವಳ ಸೆರಗು ಹಿಡಿದು ನಿಲ್ಲುವವರು ಯಾರೂ ಇರಲಿಲ್ಲ. ಪಾವಿನಲ್ಲಿ ಅಳೆದು ಹುಯ್ದಳು. ಒಂದು ಗಳಿಗೆ ಕೈ ತಡೆಯಿತು. ಆಮೇಲೆ ಎಂದಿನಂತೆ ಕೊಸರು ಹಾಕಿದಳು. “ಇದು ಮಗೀಗೆ” ಎಂದಳು.

ಸುಬ್ಬಲಕ್ಷ್ಮಿ ಪಾತ್ರೆ ಹಿಡಿದುಕೊಂಡು ನಿಂತೇ ಇದ್ದಳು.

ಈಗ ಆ ಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಸಣ್ಣ ಭರಣಿ ಉಪ್ಪು ಇದೆ. ದೀಪ ಹಚ್ಚುವ ಮುಂಚೆ ಬಂದರೂ, ಹಚ್ಚಿದ ಮೇಲೆ ಬಂದರೂ, ಕೇಳಿದವರಿಗೆ ಅಮ್ಮಣ್ಣಿ ತಮ್ಮ ಕೈಯಿಂದಲೇ ಕೊಡುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ಮಳೆ ಮತ್ತೆ ಬರುತ್ತದೆ. ಕೆರೆ ಮತ್ತೆ ಕೋಡಿ ಬೀಳುತ್ತದೆ. “ಅದು ಸಿಗಲ್ವಂತೆ, ಇದು ಬರಲ್ವಂತೆ” ಎಂದು ಯಾರಾದರೂ ಓಡಿ ಬಂದಾಗ, ನಿಮಗೆ ಯಾರು ಹೇಳಿದ್ದು ಎಂದು ಒಮ್ಮೆ ಕೇಳಿ. ಅಂಗಡಿಗೆ ಹೋದರೆ ಎಂದಿನಷ್ಟೇ ತನ್ನಿ. ನಿಮ್ಮ ಹಿಂದೆ ನಿಂತವರಿಗೂ ಒಲೆಯಿದೆ, ಮಕ್ಕಳಿದ್ದಾರೆ. ಮಗುವಿಗೆ ಭೇದಿಯಾದರೆ ಕಾಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಮೂರು ಬೆರಳಿನ ಒಂದು ಚಿಟಿಕೆ ಪುಡಿ ಉಪ್ಪು, ಒಂದು ಸಣ್ಣ ಹಿಡಿ ಬೆಲ್ಲ ಅಥವಾ ಸಕ್ಕರೆ ಹಾಕಿ ಕದಡಿ. ಮೊದಲು ನೀವು ರುಚಿ ನೋಡಿ. ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಬಾರದು. ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಿಮ್ಮ ಮನೆಯ ಬಾಗಿಲಿಗೆ ಯಾರಾದರೂ ಬರಿಗೈಯಲ್ಲಿ ಬಂದು ನಿಂತರೆ, ಆಗ ಹೊತ್ತು ಎಷ್ಟೆಂದು ನೋಡಬೇಡಿ.