ಛತ್ರದ ಗೋಡೆಯ ದೀವಟಿಗೆಯವಳು

ಹಿಂಗಾರಿ ಜೋಳದ ಬಿತ್ತನೆ ಮುಗಿದು ಎರೆಹೊಲದ ಮೇಲೆ ಬೆಳಗಿನ ಮಂಜು ಕೂರಲು ಶುರುವಾಗಿದ್ದ ಕಾಲ. ದನ ಮೇಯಲು ಬಿಡುವ ಹೊತ್ತಿಗೆ ನಾನೂ ನನ್ನ ಹೆಂಡತಿ ಮೂಕಮ್ಮನೂ ಕುರುಗೋಡು ಗುಡ್ಡದ ಬುಡದ ಹಳೇ ಛತ್ರದ ಮುಂದೆ ಗಾಡಿಯಿಂದ ಇಳಿದೆವು. ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಸಿಮೆಂಟು ಕಣ್ಣಿಗೆ ಬೀಳದ ದಿನಗಳಾದ್ದರಿಂದ ಬಳ್ಳಾರಿ ಕೌಲ್ ಬಜಾರಿನ ನಮ್ಮಂಥ ಗಾರೆಯವರನ್ನು ಜನ ಮತ್ತೆ ಹುಡುಕಿಕೊಂಡು ಬರುತ್ತಿದ್ದರು.

ಛತ್ರ ನೋಡಿಕೊಳ್ಳುತ್ತಿದ್ದವರು ಚಿದಾನಂದಪ್ಪ ಎಂಬ ಹಿರಿಯರು. ಮಳೆಗೆ ಮಾಳಿಗೆ ಸೋರಿ ಒಳಗಿನ ಗೋಡೆಗೆ ಮೆತ್ತಿದ ಸುಣ್ಣದ ಗಚ್ಚು ಅಲ್ಲಲ್ಲಿ ಉಬ್ಬಿದೆ, ಬಿದ್ದುಹೋಗುವ ಮುಂಚೆ ನಿಲ್ಲಿಸಿಕೊಡಬೇಕು ಎಂದು ಹೇಳಿ ಕಳಿಸಿದ್ದರು. ಆ ಗೋಡೆಯ ಉದ್ದಕ್ಕೂ ಹಿಂದಿನವರು ಬಣ್ಣದಲ್ಲಿ ಬರೆದ ಒಂದು ಮದುವೆಯ ಮೆರವಣಿಗೆ ಇತ್ತು. ಮುಂದೆ ಓಲಗದವರು, ನಡುವೆ ಪಲ್ಲಕ್ಕಿ, ಹಿಂದೆ ತಟ್ಟೆ ಹೊತ್ತ ಹೆಂಗಸರು. ಎಲ್ಲರಿಗಿಂತ ಹಿಂದೆ, ಮೂಲೆಯಲ್ಲಿ, ದೀವಟಿಗೆ ಹಿಡಿದ ಒಂದು ಆಕೃತಿ. ಅಲ್ಲಿ ಮಾತ್ರ ಗೋಡೆ ಕಪ್ಪಾಗಿತ್ತು. ಮಸಿಯೊಳಗಿಂದ ಎರಡು ಅಗಲ ಕಣ್ಣು, ಒಂದು ಕಿವಿಯ ಓಲೆ, ಹಿಂದಕ್ಕೆ ಕಟ್ಟಿದ ತುರುಬು, ಇಷ್ಟೇ ಕಾಣುತ್ತಿದ್ದವು.

ಆ ಕಣ್ಣಿನ ಕೆಳಗೆ ಒಂದು ಗೂಡು. ಗೂಡಿನಲ್ಲಿ ಎಣ್ಣೆ ದೀಪ ಉರಿಯುತ್ತಿತ್ತು.

ದೀಪ ಹಚ್ಚುವವಳು ಪಕ್ಕೀರಮ್ಮ. ಛತ್ರದ ಕಸ ಗುಡಿಸಿ, ಬಾವಿಯಿಂದ ನೀರು ಸೇದಿ, ಹಿಂದಿನ ಸಣ್ಣ ಕೋಣೆಯಲ್ಲಿ ಇರುತ್ತಿದ್ದಳು. ಗಂಡ ಸತ್ತವಳು. ಒಬ್ಬಳೇ ಮಗಳು ಪಾರಮ್ಮನನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದಳು. ಮೊದಲ ಬಾಣಂತನದಲ್ಲೇ ಮಗಳು ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಸುದ್ದಿ ಕುರುಗೋಡಿಗೆ ಮುಟ್ಟುವಷ್ಟರಲ್ಲಿ ಅಲ್ಲಿ ಮಣ್ಣು ಮಾಡಿ ಆಗಿತ್ತು. ಪಕ್ಕೀರಮ್ಮ ಹೋಗಲಿಲ್ಲ. ಆಮೇಲೆ ಬೀಗರು ಹೇಳಿ ಕಳಿಸಿದರೂ ಹೋಗಲಿಲ್ಲ. ಆ ದಿನಗಳಲ್ಲೇ ಒಮ್ಮೆ ಕಸ ಗುಡಿಸುತ್ತಾ ತಲೆ ಎತ್ತಿ ನೋಡಿದಳಂತೆ, ದೀವಟಿಗೆಯವಳ ಕಣ್ಣು ಮಗಳ ಕಣ್ಣಾಗಿತ್ತಂತೆ. ಅಂದಿನಿಂದ ಆ ಗೂಡಿನಲ್ಲಿ ದೀಪ. ಇದನ್ನೆಲ್ಲ ಅವಳೇ ಹೇಳಿದ್ದು, ಮೂಕಮ್ಮನಿಗೆ, ಅವರಿಬ್ಬರೂ ಸುಣ್ಣ ಸೋಸುತ್ತಾ ಕೂತಾಗ.

ಅವಳು ಗೋಡೆಯ ಜೊತೆ ಮಾತಾಡುವುದನ್ನು ನಾವು ದಿನಾ ಕೇಳುತ್ತಿದ್ದೆವು. ಇವತ್ತು ಬಾವಿಯಲ್ಲಿ ನೀರು ಕೆಳಗಿಳಿದಿದೆ, ಬೆಕ್ಕು ಮರಿ ಹಾಕಿದೆ, ಬಳ್ಳಾರಿಯಿಂದ ಯಾರೋ ಬಂದಿದ್ದಾರೆ, ಗೋಡೆ ಬಡಿದು ನೋಡುತ್ತಿದ್ದಾರೆ, ಹೆದರಬೇಡ. ಹೀಗೆ.

ನಾವು ಬಡಿದು ನೋಡುತ್ತಿದ್ದುದು ನಿಜ. ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದರೆ ಗಚ್ಚು ಗೋಡೆ ಬಿಟ್ಟಿರುವ ಕಡೆ ಪೊಳ್ಳು ಸದ್ದು ಬರುತ್ತದೆ. ಅಲ್ಲಿ ಸಣ್ಣ ತೂತು ಮಾಡಿ, ಅಳಲೇಕಾಯಿ ನೀರಿನಲ್ಲಿ ಕಲಸಿದ ತೆಳು ಸುಣ್ಣವನ್ನು ಕೊಳವೆಯಿಂದ ಒಳಗೆ ಇಳಿಸಬೇಕು. ಇಳಿಸಿದ ಮೇಲೆ ಅರಿವೆಯ ಮೆತ್ತೆ ಇಟ್ಟು, ಅದು ಕಚ್ಚಿಕೊಳ್ಳುವ ತನಕ ಅಂಗೈ ಒತ್ತಿ ನಿಲ್ಲಬೇಕು. ಜೋರಾಗಿ ಒತ್ತಿದರೆ ಬಣ್ಣ ಒಡೆಯುತ್ತದೆ, ಸಡಿಲ ಬಿಟ್ಟರೆ ಗಚ್ಚು ಜಾರುತ್ತದೆ. ಪಲ್ಲಕ್ಕಿಯ ಹತ್ತಿರ ನಾನೊಂದು ಕಡೆ, ಮೂಕಮ್ಮ ಒಂದು ಕಡೆ, ಗೋಡೆಗೆ ಕೈಯಿಟ್ಟು ಅರ್ಧ ಹಗಲು ನಿಂತಿದ್ದೆವು. ಹೆಸರು ಮೂಕಮ್ಮ ಆದರೂ ಅವಳ ಬಾಯಿ ಸುಮ್ಮನಿರುವುದಿಲ್ಲ. ನಿನ್ನ ಅತ್ತೆಗೆ ಕಾಯಿಲೆಯಾದಾಗಲೂ ನೀನು ಇಷ್ಟು ಹೊತ್ತು ಕೈ ಹಿಡಿದು ನಿಂತಿರಲಿಲ್ಲ ಎಂದು ಅವತ್ತು ಚುಚ್ಚಿದಳು.

ಮಸಿಯ ಕೆಲಸ ಕೊನೆಗೆ ಉಳಿಯಿತು. ಗೂಡಿನ ಮೇಲೆ ಬಡಿದರೆ ಎಲ್ಲ ಪೊಳ್ಳು. ದೀಪದ ಕಾವಿಗೆ ಗಚ್ಚು ಒಣಗಿ, ಎದ್ದು, ಹಪ್ಪಳವಾಗಿತ್ತು. ದೀಪ ಅಲ್ಲೇ ಉರಿದರೆ ಇನ್ನೊಂದು ಮಳೆಗಾಲಕ್ಕೆ ಮುಖವೇ ಕಳಚಿ ಬೀಳುತ್ತಿತ್ತು. ಚಿದಾನಂದಪ್ಪನವರು ಪಕ್ಕೀರಮ್ಮನನ್ನು ಕರೆದು ಜೋರು ಮಾಡಲು ಹೊರಟರು. ನಾನು ಬೇಡವೆಂದು ತಡೆದು, ಅವಳ ಕೈಯನ್ನೇ ಹಿಡಿದು ಗೂಡಿನ ಮೇಲೆ ಇಡಿಸಿದೆ. ಗಚ್ಚು ಅವಳ ಅಂಗೈ ಕೆಳಗೆ ಅಲುಗಾಡಿತು. ಅವಳಿಗೆ ಯಾರೂ ಬೇರೆ ಹೇಳಬೇಕಾಗಲಿಲ್ಲ. ದೀಪ ಆರಿಸಿ, ಎತ್ತಿಕೊಂಡು ಹೋಗಿ ಬಾಗಿಲಾಚೆ ಕಟ್ಟೆಯ ಮೇಲಿಟ್ಟು, ಮತ್ತೆ ಹಚ್ಚಿದಳು. ಆಮೇಲೆ ಒಂದೇ ಮಾತು ಕೇಳಿದಳು.

“ಮಸಿ ತೆಗದ್ರ ನನ್ನ ಪಾರಿ ಮುಖ ಪೂರ್ತಿ ಕಾಣತೈತೇನ್ ಎರ್ರಣ್ಣ?”

“ಕಾಣತೈತಿ ಬೇ” ಎಂದೆ. ಅವತ್ತು ನನಗೆ ಗೊತ್ತಿದ್ದದ್ದು ಅಷ್ಟೇ.

ಗೂಡಿನ ಮೇಲೂ ಸುಣ್ಣ ಇಳಿಸಿ, ಗಚ್ಚು ಕಚ್ಚಿಕೊಂಡ ಮೇಲೆ ನಿಲ್ಲಲು ಹಲಗೆ ಕಟ್ಟಿ ಮಸಿಗೆ ಕೈ ಹಾಕಿದೆವು. ಮಸಿ ತೆಗೆಯುವುದಕ್ಕೆ ನೀರು ಆಗದು, ಬಣ್ಣ ಜೊತೆಗೇ ಬರುತ್ತದೆ. ಗೋದಿ ಹಿಟ್ಟಿನ ಗಟ್ಟಿ ಕಣಕ ಮಾಡಿ, ಗೋಡೆಗೆ ಒತ್ತಿ ಒತ್ತಿ ಎತ್ತಬೇಕು. ಉಜ್ಜಬಾರದು. ಒತ್ತಿದ ಕಣಕ ಮಸಿ ಕುಡಿದು ಕಪ್ಪಾಗುತ್ತದೆ, ಅದನ್ನು ಬಿಸಾಕಿ ಹೊಸದು ತೆಗೆದುಕೊಳ್ಳಬೇಕು. ಜೋಳದ ಹಿಟ್ಟಿನಲ್ಲಿ ಅಂಟು ಸಾಲದು. ಗೋದಿ ಸಿಗುವುದೇ ಕಷ್ಟವಿದ್ದ ಕಾಲ ಅದು. ಚಿದಾನಂದಪ್ಪನವರು ಎಲ್ಲಿಂದಲೋ ತರಿಸಿಕೊಟ್ಟಿದ್ದರು.

“ಹೋಳಗಿ ಮಾಡೋ ಕಣಕ ಗ್ವಾಡಿಗೆ ತಿನಸಾಕತ್ತೀವಿ” ಎಂದಳು ಮೂಕಮ್ಮ. “ಗ್ವಾಡಿ ಪುಣ್ಯ ಮಾಡೈತಿ.”

ನಾನು ದೀವಟಿಗೆಯ ಉರಿಯ ಕಡೆಯಿಂದ, ಅವಳು ತುರುಬಿನ ಕಡೆಯಿಂದ ಬರುತ್ತಿದ್ದೆವು. ಮುಖದ ಕೆಲಸ ಅವಳದೇ, ಅವಳ ಬೆರಳು ನನ್ನದಕ್ಕಿಂತ ಹಗುರ. ಹಣೆ ಬಂತು. ಕೆನ್ನೆ ಬಂತು, ತಿಳಿ ಹಳದಿ. ಆಮೇಲೆ ಅವಳ ಮಾತು ನಿಂತುಹೋಯಿತು. ತಿರುಗಿ ನೋಡಿದೆ. ಕಣಕದ ಉಂಡೆ ಹಿಡಿದ ಕೈಯಿಂದಲೇ ಗೋಡೆ ತೋರಿಸಿದಳು. ಮೂಗಿನ ಕೆಳಗೆ, ಒಂದು ಪಕ್ಕಕ್ಕೆ, ಕುಂಚದ ತುದಿಯಿಂದ ಎಳೆದ ಸಣ್ಣ ಗೆರೆ. ತುದಿ ಮೇಲಕ್ಕೆ ತಿರುವಿದ ಮೀಸೆ.

ಹಿಂದಿನ ಚಿತ್ರಗಳಲ್ಲಿ ಗಂಡಸರಿಗೂ ತುರುಬು ಇರುತ್ತದೆ, ಓಲೆಯೂ ಇರುತ್ತದೆ. ನಮಗೆ ಹೊಳೆಯಬೇಕಿತ್ತು. ಅವಳು ಮಗಳು ಮಗಳು ಎನ್ನುವುದನ್ನು ಕೇಳಿ ಕೇಳಿ ನಮ್ಮ ಕಣ್ಣೂ ಮಗಳನ್ನೇ ನೋಡಿತ್ತು.

ಪಕ್ಕೀರಮ್ಮ ಬಾವಿಯ ಹತ್ತಿರ ಇದ್ದಳು. ಮೂಕಮ್ಮ ಹಲಗೆಯಿಂದ ಇಳಿದು ಬಂದು, ಇಷ್ಟಕ್ಕೇ ಬಿಡು ಎಂದಳು. ಕೆಲಸ ಕಲಿಸಿದ ನನ್ನ ಉಸ್ತಾದರದೊಂದು ಪದ್ಧತಿ ಇತ್ತು. ಗೋಡೆ ಚೊಕ್ಕ ಮಾಡುವಾಗ ಒಂದು ಅಂಗೈ ಅಗಲ ಜಾಗವನ್ನು ಮೊದಲಿದ್ದಂತೆ ಬಿಡಬೇಕು, ಮುಂದೆ ಬರುವವರಿಗೆ ಗೋಡೆ ಹೇಗಿತ್ತೆಂದು ತಿಳಿಯಲಿ ಎಂದು. ಆ ಅಂಗೈ ಅಗಲವನ್ನು ಇಲ್ಲೇ ಬಿಡೋಣ, ಮೂಗಿನಿಂದ ಕೆಳಗೆ, ಚಿದಾನಂದಪ್ಪನವರು ಕೇಳಿದರೆ ಪದ್ಧತಿ ಎನ್ನೋಣ, ಸುಳ್ಳೂ ಅಲ್ಲ. ಇದು ಅವಳ ವಾದ. ನನಗೂ ಸರಿ ಕಂಡಿತು. ಕಂಡ ಅರ್ಧ ಮೀಸೆಯ ಮೇಲೆ ಅರಿವೆ ಇಳಿಬಿಟ್ಟು ನಾವು ಬೇರೆ ಕಡೆ ಕೆಲಸಕ್ಕೆ ಹೊರಳಿದೆವು.

ಆದರೆ ಪಕ್ಕೀರಮ್ಮ ಹಗಲೆಲ್ಲ ಕಾದಿದ್ದವಳು. ಇಳಿಹೊತ್ತಿನ ಬಿಸಿಲು ಬಾಗಿಲಿಂದ ಒಳಗೆ ಬಿದ್ದಾಗ ಬಂದು, ಅಲ್ಲಿಗೇ ಯಾಕೆ ನಿಲ್ಲಿಸಿದಿರಿ ಎಂದು ಕೇಳಿದಳು. ನಾನು ಉಸ್ತಾದರ ಪದ್ಧತಿಯ ಮಾತು ತೆಗೆದೆ. ಅವಳು ಕೇಳಿಸಿಕೊಂಡಳು. ಕೇಳಿಸಿಕೊಂಡು ಮೂಕಮ್ಮನ ಮುಖ ನೋಡಿದಳು. ಮೂಕಮ್ಮನಿಗೆ ಎಲ್ಲ ಬರುತ್ತದೆ, ಮುಚ್ಚಿಡಲು ಮಾತ್ರ ಬರುವುದಿಲ್ಲ.

“ಯವ್ವಾ” ಎಂದಳು, ಪಕ್ಕೀರಮ್ಮನ ಎರಡೂ ಕೈ ಹಿಡಿದು. “ಅದು ಹೆಣ್ಮಗಳಲ್ಲ ಬೇ. ಹುಡುಗ ಅದಾನ.”

ಪಕ್ಕೀರಮ್ಮ ಅಳಲಿಲ್ಲ. ಅರಿವೆ ತೆಗೆಯಲೂ ಹೇಳಲಿಲ್ಲ. ಕಂಬಕ್ಕೆ ಒರಗಿ ಕೂತಳು. ಮೂಕಮ್ಮ ಪಕ್ಕದಲ್ಲಿ ಕೂತು ಅವಳ ಕಾಲಿಗಂಟಿದ್ದ ಸುಣ್ಣವನ್ನು ಸೆರಗಿನಿಂದ ಒರೆಸುತ್ತಿದ್ದಳು. ಮುಂದಿನದನ್ನು ನೀನೇ ಹೇಳು, ಬೇಡವೆಂದರೆ ಹಾಗೇ ಬಿಡುತ್ತೇವೆ, ಯಾರಿಗೂ ತಿಳಿಯುವುದಿಲ್ಲ ಎಂದೆ. ನಾಳೆ ಹೇಳುತ್ತೇನೆ ಎಂದು ಎದ್ದು ಹೋದಳು.

ಮರುದಿನ ನಾವು ಬರುವ ಮುಂಚೆಯೇ ಕಣಕ ನಾದಿ, ಒದ್ದೆ ಅರಿವೆ ಮುಚ್ಚಿ ಇಟ್ಟಿದ್ದಳು.

“ತೆಗದುಬಿಡ್ರಿ” ಎಂದಳು. “ಮಗಳು ಮಗಳು ಅಂತ ಮುಖಕ್ಕ ಹೊಗಿ ಹಾಕೀನಿ. ಯಾರ ಮಗನೋ ಏನೋ, ಇಷ್ಟು ವರ್ಷ ಕಣ್ಣು ಉರಕೊಂತ ನಿಂತಾನ.”

ಮೂಕಮ್ಮ ಅವಳನ್ನೂ ಹಲಗೆ ಹತ್ತಿಸಿಕೊಂಡಳು. ಒತ್ತುವುದು ಹೇಗೆ, ಎತ್ತುವುದು ಹೇಗೆ ತೋರಿಸಿದಳು. ಮೀಸೆಯ ಇನ್ನೊಂದು ಪಕ್ಕವನ್ನು, ತುಟಿಯನ್ನು, ಗಲ್ಲವನ್ನು ಪಕ್ಕೀರಮ್ಮನೇ ತೆಗೆದಳು. ಒಂದು ಚೂರು ಬಣ್ಣ ಏಳಲಿಲ್ಲ. ಹುಡುಗನಿಗೆ ಹೆಚ್ಚು ವಯಸ್ಸಿಲ್ಲ. ಮದುವೆಯ ಮನೆಯಲ್ಲಿ ದೀವಟಿಗೆ ಹಿಡಿಯಲು ಬಂದು, ನಿದ್ದೆಗೆಟ್ಟು, ಆದರೂ ಖುಷಿಯಲ್ಲಿರುವ ಮುಖ. ತುಟಿಯ ಕೊನೆಯಲ್ಲಿ ನಗು ಇತ್ತು.

ಪಕ್ಕೀರಮ್ಮ ಹಲಗೆಯಿಂದ ಇಳಿದು ನಿಂತು ನೋಡಿದಳು.

“ಕಣ್ಣು ಮಾತ್ರ ನಮ್ಮ ಪಾರಿವು” ಎಂದಳು. “ಮೀಸಿ ನೋಡು, ಎಷ್ಟು ಸೊಕ್ಕು ಇವಂಗ” ಎಂದಳು. ಮೂಕಮ್ಮ ನಕ್ಕಳು, ಅವಳೂ ನಕ್ಕಳು. ಆಮೇಲೆ ಪಕ್ಕೀರಮ್ಮ ನಮ್ಮ ಕಡೆ ತಿರುಗಿದಳು.

“ಹಂಗಾರ ನನ್ನ ಮಗಳು ಎಲ್ಲದಾಳ?”

ನಾನು ಗೋಡೆ ನೋಡಿದೆ. ಮೂಕಮ್ಮ ಅವಳ ಬೆನ್ನು ಸವರುತ್ತಾ, ಬಹಳ ಮೆಲ್ಲಗೆ, “ಸಿರುಗುಪ್ಪದಾಗ ಅದಾಳಲ್ಲ ಬೇ” ಎಂದಳು.

ಅಂಗೈ ಅಗಲದ ಮಸಿಯನ್ನು ನಾವು ಕೆಳಗೆ, ಗೂಡಿನ ಪಕ್ಕ ಬಿಟ್ಟೆವು. ಚಿದಾನಂದಪ್ಪನವರು ಅದನ್ನು ಕೇಳಲೇ ಇಲ್ಲ. ಹುಡುಗನ ಮುಂದೆ ನಿಂತು, ಚಿಕ್ಕಂದಿನಿಂದ ಬರುತ್ತಿದ್ದೇನೆ, ಇಲ್ಲೊಬ್ಬನಿದ್ದಾನೆಂದು ಗೊತ್ತೇ ಇರಲಿಲ್ಲ ಎಂದರು. ಪಕ್ಕೀರಮ್ಮ ಮಗಳ ಮಣ್ಣು ನೋಡಲು ಸಿರುಗುಪ್ಪಕ್ಕೆ ಹೋಗಬೇಕಂತೆ ಎಂದು ಮೂಕಮ್ಮ ಅವರ ಕಿವಿಗೆ ಹಾಕಿದಳು. ಸಿರುಗುಪ್ಪದ ಕಡೆ ಹತ್ತಿ ಹೇರಿಕೊಂಡು ಹೋಗುವ ತಮ್ಮ ಗಾಡಿಯಲ್ಲೇ ಹೋಗಲಿ ಎಂದರು ಅವರು. ಬೀಗರ ಹೊಲದ ಬದುವಿನಲ್ಲಿ ಬನ್ನಿಗಿಡದ ಕೆಳಗೆ ಮಣ್ಣು ಮಾಡಿದ್ದಾರೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ಕೇಳುತ್ತಾ ಹೋದರೆ ತೋರಿಸುತ್ತಾರೆ ಎಂದು ನಾವು ಧೈರ್ಯ ಹೇಳಿದೆವು.

ನಾವಿನ್ನೂ ಮಾಳಿಗೆಯ ಕೆಲಸ ಮುಗಿಸಬೇಕಿತ್ತು. ಪಕ್ಕೀರಮ್ಮ ತಲೆ ಬಾಚಿಕೊಂಡು, ಮಗಳ ಊರಿಗೆಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಹತ್ತಿ ತುಂಬಿದ ಅಂಡಿಗೆಗಳ ನಡುವೆ ಕೂತು ಕುರುಗೋಡು ಬಿಟ್ಟದ್ದು ಸೋಮವಾರ ಬೆಳಿಗ್ಗೆ.