ಕಪ್ಪು ಪರದೆಯೊಳಗಿನ ಕೈ

ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ. ಇದ್ದಬದ್ದ ತಾಳ್ಮೆಯನ್ನೆಲ್ಲ ಅವಳು ಸೂಕ್ಷ್ಮದರ್ಶಕದಡಿಯ ಯೀಸ್ಟ್ ಕೋಶಗಳಿಗೇ ಮೀಸಲಿಟ್ಟಿದ್ದಳು. ಅವಕ್ಕೆ ಉಣಿಸುವ ದ್ರವದಲ್ಲಿ ಪ್ರಯೋಗಕ್ಕೆಂದು ಅವಳೇ ವಿಷ ಬೆರೆಸಿದ್ದಳು. ನೀಲಿ ಬೆಳಕು ಬಿದ್ದರೆ ಕೋಶಗಳು ಒಂದು ಪ್ರೋಟೀನ್ ತಯಾರಿಸುತ್ತಿದ್ದವು. ಅದು ವಿಷವನ್ನು ಮುರಿಯುತ್ತ ಕೆಂಪಗೆ ಹೊಳೆಯುತ್ತಿತ್ತು. ಹೊಳಪನ್ನು ಕ್ಯಾಮೆರಾ ನೋಡಬೇಕು. ಕಡಿಮೆಯಾದರೆ ಕಂಪ್ಯೂಟರ್ ನೀಲಿ ಬೆಳಕು ಹೆಚ್ಚಿಸಬೇಕು, ಅತಿಯಾದರೆ ಆರಿಸಬೇಕು. ಹೊರಗಿನ ಬೆಳಕಿಗೆ ಕ್ಯಾಮೆರಾ ಮೋಸಹೋಗದಿರಲೆಂದು ಸುತ್ತ ಕಪ್ಪು ಪರದೆ. ಅಂದು ಸಂಜೆ ಪರೀಕ್ಷಕರು ಬರುವತನಕ ಕೋಶಗಳು ಬದುಕಿದ್ದರೆ ಪ್ರಯೋಗಾಲಯ ಉಳಿಯುತ್ತಿತ್ತು. ಇಲ್ಲದಿದ್ದರೆ ಬೀಗ.

ಅವಳ ಕೈಕೆಳಗೆ ದುಡಿಯುತ್ತಿದ್ದ ತಮ್ಮನಿಗೆ ಸಾಕುಸಾಕಾಗಿತ್ತು. "ಇವು ಒಂದ್ಸಲ ಸತ್ತೋದ್ರೆ ನಂಗೂ ಬಿಡುಗಡೆ ಅಕ್ಕಾ," ಅಂತ ಹಿಂದಿನ ದಿನ ತಾನೇ ನಕ್ಕಿದ್ದ. ಅವಳು ನಕ್ಕಿರಲಿಲ್ಲ.

ಬೆಳಗ್ಗೆ ಹೊರಗೆ ಹೋದವಳು ಮಧ್ಯಾಹ್ನ ಮರಳಿದರೆ, ಕಂಪ್ಯೂಟರಿನಲ್ಲಿ ನೀಲಿ ದೀಪ ಆರಿದೆಯೆಂಬ ಸೂಚನೆ. ತೆರೆಯ ಮೇಲೆ ಕೋಶಗಳು ಸುಕ್ಕುಗಟ್ಟಿ ಒಡೆಯುತ್ತಿದ್ದವು. ತಮ್ಮ ಪರದೆಯೊಳಗೆ ಮೊಣಕೈವರೆಗೂ ಕೈ ತೂರಿಸಿ ನಿಂತಿದ್ದ.

ಅವಳು ಹಿಂದೆಮುಂದೆ ನೋಡಲಿಲ್ಲ. ಕಬ್ಬಿಣದ ಸ್ಟೂಲೆತ್ತಿ ಬೆನ್ನಿಗೆ ಬಾರಿಸಿದಳು.

"ಅಕ್ಕಾ, ಒಂದ್ನಿಮಿಷ ಕೇಳು..."

ಎರಡನೆಯ ಏಟು ಬಾಯಿಗೆ ಬಿತ್ತು; ಹಲ್ಲು ಉದುರಿತು. ಅವನೇನು ದೇವರೇ, ಸುಮ್ಮನಿರಲು? ಕೂದಲು ಹಿಡಿದು ಅವಳ ಹಣೆಯನ್ನು ಮೇಜಿನಂಚಿಗೆ ಜಜ್ಜಿದ. ಬಾಟಲಿಗಳು ಉರುಳಿ ನೆಲವೆಲ್ಲ ಗಾಜು. ನೆತ್ತರು ಕಣ್ಣಿಗಿಳಿದರೂ ಅವಳು ಬಿಡಲಿಲ್ಲ. ಅವನ ಬಲಗೈ ಮತ್ತೆ ಪರದೆಯತ್ತ ಚಾಚಿದ್ದೇ ತಡ, ಬೆರಳುಗಳ ಮೇಲೆ ಸ್ಟೂಲು ಕುಕ್ಕಿದಳು, ಮತ್ತೆ ಕುಕ್ಕಿದಳು. ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಕೂದಲೆಳೆಯಂಥ ನಳಿಕೆಗಳನ್ನು ಜೋಡಿಸಿ ಈ ಯಂತ್ರ ಕಟ್ಟಿದ್ದು ಆ ಬೆರಳುಗಳೇ.

ಕುಸಿಯುವಾಗ ಅವನು ಹಿಡಿದ ಪರದೆ ಹರಿದು ಜೋತುಬಿತ್ತು. ಒಳಗೆ ಕೆಂಪು ಟಾರ್ಚ್ ಉರಿಯುತ್ತಿತ್ತು. ಅವಳದೇ. ಕೆಂಪು ಬೆಳಕಿನಿಂದ ಕೋಶಗಳಿಗೆ ತೊಂದರೆಯಿಲ್ಲವೆಂದು ಬೆಳಗ್ಗೆ ಅದನ್ನಿಟ್ಟು ನಳಿಕೆ ಬಿಗಿಮಾಡಿ, ಹಾಗೇ ಮರೆತು ಹೋಗಿದ್ದಳು. ಆ ಬೆಳಕನ್ನೇ ಕೋಶಗಳ ಹೊಳಪೆಂದು ತಿಳಿದು ಕಂಪ್ಯೂಟರ್ ನೀಲಿ ದೀಪ ಆರಿಸಿತ್ತು. ಆಗಷ್ಟೇ ಬಂದ ತಮ್ಮ ಅದನ್ನು ತೆಗೆಯಲೆಂದೇ ಕೈ ಹಾಕಿದ್ದ.

"ಆರ್ಸು," ಅಂದ ಅವನು, ರಕ್ತ ಉಗುಳುತ್ತ. "ಮೂಲೇಲಿ ಇನ್ನೂ ಕೆಲವು ಬದುಕಿವೆ."

ಆರಿಸಿದಳು. ಕಿಟಕಿಯ ಬಿಸಿಲು ಒಳನುಗ್ಗದಂತೆ ಹರಿದ ಪರದೆಯನ್ನು ಎರಡೂ ಕೈಯಿಂದ ಒತ್ತಿಹಿಡಿದಳು. ನೀಲಿ ದೀಪ ಹೊತ್ತಿಕೊಂಡಿತು.

"ಅಕ್ಕಾ, ಕೈ ತುಂಬ ನೋಯ್ತಿದೆ. ಬಾರೇ."

ನಾಚಿಕೆಯಿಂದ ಅವಳು ತಲೆತಗ್ಗಿಸಿದಳು. ಪರದೆ ಮಾತ್ರ ಬಿಡಲಿಲ್ಲ. ತಮ್ಮ ಸ್ವಲ್ಪ ಹೊತ್ತು ಕಾದ. ಆಮೇಲೆ ಎಡಗೈಯಲ್ಲಿ ಬಲಗೈ ಎತ್ತಿಕೊಂಡು, ಗಾಜು ತುಳಿಯುತ್ತ, ಒಬ್ಬನೇ ಆಸ್ಪತ್ರೆಗೆ ನಡೆದ.