ನಾಲ್ಕನೆಯ ಏಟು

ಚಳಿ ಹಿಂದೆ ಸರಿದು ಒಣಗಾಳಿ ಎದ್ದಿತ್ತು. ಗುಡ್ಡದ ಪೊರಕೆಹುಲ್ಲು ಬಲಿತು, ತೆನೆ ಬಿಳಿಚಿಕೊಂಡು ತೂಗುತ್ತಿತ್ತು. ಬಿಸಿಲೇರಿದರೆ ಕಡ್ಡಿ ಮುರಿಯುತ್ತದೆ. ಇಬ್ಬನಿ ಆರುವುದರೊಳಗೆ ಕೊಯ್ದು ಮುಗಿಸಬೇಕು. ಸೊಸೆ ಎಡಗೈಯಲ್ಲಿ ಹುಲ್ಲಿನ ಹಿಡಿಯನ್ನು ಬಿಗಿದು, ಬುಡಕ್ಕೆ ಕುಡುಗೋಲು ಕೊಟ್ಟು ಎಳೆಯುತ್ತಿದ್ದಳು. ಹುಲ್ಲಿನಂಚು ಕೊಯ್ದ ಗೀರುಗಳು ಅಂಗೈ ತುಂಬ ಇದ್ದವು. ಹಳೆಯವು ಕಪ್ಪಗೆ, ಹೊಸವು ಕೆಂಪಗೆ. ಪಕ್ಕದಲ್ಲಿ ನಾದಿನಿ, ಅವಳಾಚೆ ಗುಡ್ಡದ ಬುಡದ ಸಾಲುಮನೆಗಳ ಹೆಂಗಸರು.

ಕಟ್ಟು ಕಟ್ಟಿದ ಮೇಲೆ ಅವರಲ್ಲೊಂದು ಪದ್ಧತಿ. ತಲೆಗೇರಿಸುವ ಮುನ್ನ ಕಟ್ಟನ್ನು ತಲೆಕೆಳಗು ಮಾಡಿ ನೆಲಕ್ಕೆ ಮೂರು ಏಟು ಬಡಿಯಬೇಕು. ಬಲಿತ ಬೀಜ ಅಲ್ಲೇ ಉದುರಿ, ಬರುವ ಮಳೆಗೆ ಅಲ್ಲೇ ಮೊಳೆಯುತ್ತದೆ. ‘ಗುಡ್ಡದ ಬಾಕಿ ಗುಡ್ಡಕ್ಕೇ ಕೊಟ್ಟು ಇಳೀರಿ’ ಎನ್ನುತ್ತಿದ್ದಳು ಅತ್ತೆ. ಹೆಣ್ಣುಮಕ್ಕಳಿಗೆಲ್ಲ ಕುಡುಗೋಲು ಹಿಡಿಯಲು ಕಲಿಸಿದವಳು ಅವಳೇ.

ಸೊಸೆ ಕಟ್ಟೆತ್ತಿ ಬಡಿದಳು. ಧಪ್. ಧಪ್. ಧಪ್.

ಮೇಲಿನಿಂದ ಇನ್ನೊಂದು ಕೇಳಿಸಿತು. ಧಪ್.

ಅವಳು ತಲೆಯೆತ್ತಿದಳು. ಮೇಲೆ ಯಾರೂ ಇರಲಿಲ್ಲ. ಜೀಪಿನ ಚಕ್ರಗಳು ಕೊರೆದ ಕೆಂಪು ಕಾಲುವೆಗಳು ಮಾತ್ರ ಗುಡ್ಡದ ಬೆನ್ನಿನುದ್ದಕ್ಕೂ ಬಾಯಿ ತೆರೆದುಕೊಂಡಿದ್ದವು.

“ಕೇಳಿಸ್ತಾ?” ಎಂದಳು.

ನಾದಿನಿ ಕುಡುಗೋಲು ನಿಲ್ಲಿಸಲಿಲ್ಲ. “ಏನು?”

“ನಾಲ್ಕನೇದು.”

“ನಿನ್ನ ಕಿವೀಲಿ ಗುಗ್ಗೆ ತುಂಬಿದೆ ಅತ್ತಿಗೆ. ಸಂಜೆ ಎಣ್ಣೆ ಬಿಡ್ತೀನಿ ಬಾ.”

“ನಿಮ್ಮವ್ವ ಬಡಿದ ಹಾಗೇ ಇತ್ತು ಕಣೇ. ಕೊನೇಲಿ ಸ್ವಲ್ಪ ಎಳೆದು...”

“ಸುಮ್ನಿರ್ತೀಯಾ?” ನಾದಿನಿಯ ದನಿ ಒಡೆಯಿತು. “ಹೆತ್ತ ಮಗಳಿಗೇ ಕೇಳಿಸದ್ದು ಸೊಸೆಗೆ ಕೇಳಿಸ್ತಂತೆ!”

ಉಳಿದ ಹೆಂಗಸರು ಹುಲ್ಲಿನಲ್ಲಿ ಮುಖ ಮರೆಸಿಕೊಂಡರು.

ಹೋದ ವರ್ಷ ಇದೇ ಕಾಲಕ್ಕೆ ದಾರಿಕೆಲಸದ ಮೇಸ್ತ್ರಿ ಮನೆಗೆ ಬಂದು ಕೂತಿದ್ದ. ಮೊದಲು ಇವರ ಪೊರಕೆಗಳನ್ನು ಸೈಕಲ್ಲಿಗೆ ಕಟ್ಟಿ ಸಂತೆಗೆ ಒಯ್ಯುತ್ತಿದ್ದವನು, ಮನೆಯವನ ಹಾಗೆ. “ಗುಡ್ಡಕ್ಕೆ ಸರ್ಕಾರದಿಂದ ದಾರಿ ಮಂಜೂರಾಗಿದೆ ಕಣಮ್ಮಾ,” ಎಂದು ಅತ್ತೆಗೆ ಹೇಳಿದ್ದ. ಅತ್ತೆಯ ಕಣ್ಣು ಅರಳಿತ್ತು. ನಲವತ್ತು ವರ್ಷ ತಲೆಹೊರೆ ಹೊತ್ತ ಕುತ್ತಿಗೆ ಅವಳದು. ದಾರಿಯಾದರೆ ಗಾಡಿ ಬರುತ್ತದೆ, ಗಾಡಿ ಬಂದರೆ ಕಟ್ಟು ಹೊರುವುದು ತಪ್ಪುತ್ತದೆ. ಇಷ್ಟೇ ಅವಳ ಲೆಕ್ಕ. ಜೌಗು ಇದ್ದ ಕಡೆ ಮಣ್ಣು ಅಗೆಯುವ ಯಂತ್ರ ಹೂತುಕೊಂಡಾಗ ತಾನೇ ಮುಂದೆ ನಿಂತು, ಕೊಯ್ದಿಟ್ಟ ಹುಲ್ಲನ್ನೆಲ್ಲ ಚಕ್ರದಡಿ ಹಾಸಿಸಿದ್ದಳು. ಅದಕ್ಕೆ ಯಾರೂ ಕೂಲಿ ಕೇಳಿರಲಿಲ್ಲ. ನಮ್ಮ ದಾರಿಗೆ ನಾವೇ ಕೂಲಿ ಕೇಳೋದೇ ಎಂದುಕೊಂಡಿದ್ದರು.

ದಾರಿ ಗುಡ್ಡ ಹತ್ತಿತು. ನೆತ್ತಿಯಲ್ಲಿ ಒಂದು ಸುತ್ತು ತಿರುಗಿತು. ಹೊರಟಲ್ಲಿಗೇ ಇಳಿದು ಬಂತು.

“ಇದು ಎಲ್ಲಿಗೆ ಹೋಗುತ್ತಪ್ಪಾ?” ಎಂದು ಅತ್ತೆ ಕೇಳಿದ್ದಳು.

“ಎಲ್ಲಿಗೂ ಹೋಗಲ್ಲಮ್ಮಾ. ಇದು ಮೋಜಿಗೆ.”

ರಜೆ ಬಂದರೆ ದಪ್ಪ ಚಕ್ರದ ಜೀಪುಗಳು, ಬೈಕುಗಳು ಬರುತ್ತಿದ್ದವು. ಧೂಳು ಎಬ್ಬಿಸಿದಷ್ಟೂ ಕೇಕೆ. ಬುಡದಲ್ಲಿ ನೆಟ್ಟ ಬೋರ್ಡನ್ನು ನಾದಿನಿ ಅಕ್ಷರ ಕೂಡಿಸಿ ಓದಿದ್ದಳು: ‘ಸಾಹಸ ಕ್ರೀಡಾ ಪಥ. ಸರ್ಕಾರದ ಅನುದಾನ. ಪ್ರಕೃತಿಯನ್ನು ಕಾಪಾಡಿ.’ ಓದಿ, “ಹತ್ತಿ ಇಳಿಯೋದಕ್ಕೆ ಅನುದಾನವಂತೆ! ನಮ್ಮ ಆಡು ದಿನಾ ಹತ್ತಿ ಇಳಿಯುತ್ತೆ, ಅದಕ್ಕೊಂದು ಹಿಡಿ ಸೊಪ್ಪು ಹಾಕಿದೋರಿಲ್ಲ,” ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಅತ್ತೆ ನಕ್ಕಿರಲಿಲ್ಲ. ಅಂದಿನಿಂದ ಚಕ್ರದ ಜಾಡಿನ ಮೇಲೆ ನಿಂತೇ ಕಟ್ಟು ಬಡಿಯತೊಡಗಿದಳು. ಉದುರಿದ ಬೀಜವನ್ನು ವಾರದ ಕೊನೆಗೆ ಚಕ್ರಗಳು ಅರೆದುಹಾಕುತ್ತಿದ್ದವು. ಅವಳು ಮತ್ತೆ ಬಡಿಯುತ್ತಿದ್ದಳು.

ಮಳೆ ಬಂತು. ಹುಲ್ಲಿನ ಬೇರುಗಳಲ್ಲಿ ನಿಂತು ಇಂಗುತ್ತಿದ್ದ ನೀರು ಈಗ ಚಕ್ರದ ಕಾಲುವೆ ಹಿಡಿದು ನೇರ ಇಳಿಯಿತು. ಒಂದು ಮಧ್ಯಾಹ್ನ ಅತ್ತೆ ಹಿತ್ತಲ ಗೋಡೆಗೊರಗಿ ಪೊರಕೆ ಕಟ್ಟುತ್ತಿದ್ದಳು. ಗೋಡೆಯ ಹಿಂದಿನ ಮಣ್ಣು ಗೋಡೆಯ ಸಮೇತ ಒಳಗೆ ಬಂತು. ಸೊಸೆಯೂ ನಾದಿನಿಯೂ ಬರಿಗೈಯಲ್ಲಿ ಬಗೆದರು. ಮೊದಲು ಸಿಕ್ಕಿದ್ದು ಅವಳ ಮುಷ್ಟಿ. ಅದರೊಳಗೆ ಅರ್ಧ ಬಿಗಿದ ಪೊರಕೆಯಿತ್ತು.

ಇಲಾಖೆಯ ಸಾಹೇಬರು ಕೊಡೆ ಹಿಡಿದು ಬಂದರು. “ಪ್ರಕೃತಿ ಮುನಿದರೆ ಯಾರೇನು ಮಾಡೋಕಾಗುತ್ತೆ?” ಎಂದರು. ಮಳೆಹಾನಿಗೆಂದು ಸರ್ಕಾರ ಹಣ ಕೊಟ್ಟಿತು. ಅದರಲ್ಲಿ ಟ್ರ್ಯಾಕು ರಿಪೇರಿಯಾಯಿತು. ಅತ್ತೆಯ ಗೋಡೆ ಇರಬೇಕಾದ ಕಡೆ ಇವತ್ತಿಗೂ ಹಳೆಯ ಸೀರೆಯೊಂದು ಇಳಿಬಿದ್ದಿದೆ. ಗಾಳಿಗೆ ಅದು ಒಳಗುಬ್ಬಿದಾಗ ಆಚೆಯಿಂದ ಯಾರೋ ಬೆನ್ನು ಕೊಟ್ಟು ಒರಗಿದಂತೆ ಕಾಣುತ್ತದೆ. ಸೊಸೆ ಆ ಕಡೆ ತಲೆ ಹಾಕಿ ಮಲಗುವುದನ್ನು ಬಿಟ್ಟಿದ್ದಾಳೆ.

ಆ ದಿನ ಹೆಂಗಸರು ಕಟ್ಟು ಹೊತ್ತು ಇಳಿಯುವ ಹೊತ್ತಿಗೆ ಮೇಸ್ತ್ರಿ ಎದುರಾದ. ಮುಖ ಕೊಟ್ಟು ಮಾತಾಡಲಿಲ್ಲ.

“ನಾಳೆಯಿಂದ ನಿಮಗೆಲ್ಲ ಕೂಲಿ ಇದೆ. ಬೀಜದ ಪಟ್ಟೀನ ಬುಡಸಮೇತ ಕೀಳಬೇಕು.”

ಬೀಜದ ಪಟ್ಟಿಯೆಂದರೆ ಸಾಲುಮನೆಗಳ ನೇರ ಮೇಲಿನ ಕಡಿದಾದ ಹುಲ್ಲು. ಅದಕ್ಕೆ ಯಾರ ಕಾಲದಲ್ಲೂ ಕುಡುಗೋಲು ಹಾಕಿರಲಿಲ್ಲ. ಬೀಜಕ್ಕೆಂದು ಬಿಟ್ಟದ್ದು, ಮನೆಗಳ ಮೇಲಿನ ಮಣ್ಣನ್ನು ಹಿಡಿದು ನಿಂತದ್ದೂ ಅದೇ.

“ಯಾಕೆ?” ಎಂದಳು ಸೊಸೆ.

“ಜೀಪು ಹತ್ತೋಕೆ ಹೊಸ ಏರು ಮಾಡ್ತಾರೆ. ಅನುದಾನದ ಎರಡನೇ ಕಂತು ಬಂದಿದೆ. ನಾಳೆ ಬೆಳಿಗ್ಗೆ ಸಾಹೇಬರು, ಜೀಪಿನೋರು ಪೂಜೆಗೆ ಬರ್ತಾರೆ.”

“ಅದು ಹೋದ್ರೆ ಮಳೆಗಾಲಕ್ಕೆ ನಾವು ಯಾರೂ ಉಳಿಯಲ್ಲ ಅಂತ ನಿನಗೆ ಗೊತ್ತಿಲ್ವಾ?”

“ನನ್ನ ಕೈಲೇನಿದೆ? ನೀವು ಕೀಳದಿದ್ರೆ ಯಂತ್ರ ಕೀಳುತ್ತೆ.” ಅವನಿಗೆ ರೇಗಿತು. “ಈಗ ನನ್ನ ಮೇಲೆ ಕಣ್ಣು ಬಿಡ್ತೀರಲ್ಲ, ಹೋದ ವರ್ಷ ಹುಲ್ಲು ಹಾಸಿ ಕರೆದೋರು ಯಾರು? ನಿಮ್ಮವ್ವನೇ ತಾನೆ?”

ಆ ಮಾತು ನಾದಿನಿಗೆ ತಾಕಿತು. ತಲೆಯ ಮೇಲಿನ ಕಟ್ಟು ಒಮ್ಮೆ ಓಲಾಡಿತು.

“ಅವ್ವ ಹಾಸಿದ್ದು ದಾರಿಗೆ,” ಎಂದಳು ಮೆಲ್ಲಗೆ. “ನೀನು ದಾರಿ ಅಂದಿದ್ದೆ.”

ಮೇಸ್ತ್ರಿ ತಲೆ ತಗ್ಗಿಸಿ ಇಳಿದುಹೋದ.

ಮರುದಿನ ಬೆಳಿಗ್ಗೆ ಯಂತ್ರ ಏರಿ ಬಂದಾಗ ಬೀಜದ ಪಟ್ಟಿಯ ಹುಲ್ಲಿನ ನಡುವೆ ಹೆಂಗಸರು ಕೂತಿದ್ದರು. ಪ್ರತಿಯೊಬ್ಬಳ ಮುಂದೆಯೂ ಒಂದೊಂದು ಕಟ್ಟು. ಕೂಲಿಗೇ ಬಂದಿದ್ದಾರೆಂದು ಮೇಸ್ತ್ರಿ ಮೊದಲು ತಿಳಿದ. ಹಿಂದೆ ಜೀಪುಗಳು ಗುರುಗುಡುತ್ತ ನಿಂತವು. ಸಾಹೇಬರು ಇಳಿದರು. ಬೂಟು ಹೊಸತು.

“ಏನಮ್ಮಾ ಇದು? ಏಳಿ, ಏಳಿ. ಇದು ಸಾರ್ವಜನಿಕರ ಜಾಗ.”

“ನಾವು ಯಾರು ಸಾರ್?” ಎಂದಳು ನಾದಿನಿ.

ಜೀಪಿನ ಹುಡುಗನೊಬ್ಬ ನಕ್ಕ. ಸಾಹೇಬರು ನಗಲಿಲ್ಲ. “ನೋಡಿ, ಸರ್ಕಾರ ಕೋಟಿಗಟ್ಟಲೆ ಸುರೀತಾ ಇರೋದು ಊರು ಮುಂದೆ ಬರಲಿ ಅಂತ.”

“ಊರು ಒಂದ್ಸಲ ಮುಂದೆ ಬಂತು ಸಾರ್,” ಎಂದಳು ಸೊಸೆ. “ಗೋಡೆ ಸಮೇತ ಬಂತು. ನಮ್ಮತ್ತೆ ಅದರ ಕೆಳಗಿದ್ಲು.”

ಯಂತ್ರದವನು ಕೈಚಾಚಿ ಕೀಲಿ ತಿರುಗಿಸಿದ. ಸದ್ದಡಗಿತು. ಒಂದೊಂದಾಗಿ ಜೀಪುಗಳೂ ಅಡಗಿದವು. ಆ ಮೌನದಲ್ಲಿ ಸೊಸೆ ಎದ್ದು ಕಟ್ಟನ್ನು ತಲೆಕೆಳಗು ಮಾಡಿದಳು. ಎಲ್ಲರೂ ಎದ್ದರು.

ಧಪ್. ಧಪ್. ಧಪ್.

ಬೀಜ ಹೊಗೆಯಂತೆ ಎದ್ದು ಬೂಟುಗಳ ಮೇಲೆ, ಜೀಪಿನ ಗಾಜುಗಳ ಮೇಲೆ ಕೂತಿತು. ಸೊಸೆ ಕಿವಿಯನ್ನು ಮೇಲಕ್ಕೆ ಕೊಟ್ಟು ಕಾದಳು. ಮೇಲಿನಿಂದ ಏನೂ ಬರಲಿಲ್ಲ. ಗಾಳಿ ಮಾತ್ರ. ಅತ್ತೆ ಈ ಗುಡ್ಡವನ್ನೂ ಬಿಟ್ಟು ಹೋದಳೇ?

ಪಕ್ಕದಲ್ಲಿ ನಾದಿನಿ ಕಟ್ಟನ್ನು ಮತ್ತೆ ಎತ್ತಿದಳು. ಕೆನ್ನೆ ಒದ್ದೆಯಾಗಿತ್ತು.

“ನನಗೂ ಕೇಳಿಸ್ತಿತ್ತು ಅತ್ತಿಗೆ,” ಎಂದಳು. “ದಿನಾ ಕೇಳಿಸ್ತಿತ್ತು.”

“ನಂಗೂ,” ಎಂದಳು ಆಚೆಯವಳು. “ನಂಗೂ ಕಣಕ್ಕಾ,” ಎಂದಳು ಅವಳಾಚೆಯವಳು.

ನಾದಿನಿ ಬಡಿದಳು. ಕೊನೆಯಲ್ಲಿ ಸ್ವಲ್ಪ ಎಳೆದು, ಥೇಟ್ ಅವಳವ್ವನ ಹಾಗೆ. ಅವಳ ಹಿಂದೆಯೇ ಎಲ್ಲರೂ.

ಧಪ್.

ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದ. ಅವನಿಗೆ ಆ ಎಳೆತದ ಗುರುತು ಸಿಕ್ಕಿತ್ತು.

“ಏನ್ರೀ ಇದು?” ಸಾಹೇಬರು ಬೂಟು ಕೊಡವುತ್ತ ಅವನನ್ನು ಕೇಳಿದರು. “ಏನು ಮಾಡ್ತಿದಾರೆ ಇವರು?”

ನಾದಿನಿಯೇ ಹೇಳಿದಳು.

“ಬಾಕಿ ಇದೆ ಸಾರ್. ಮೂರು ಏಟು ಗುಡ್ಡದ್ದು, ನಾವು ಕೊಡಬೇಕಾದ್ದು. ನಾಲ್ಕನೇದು ಅವ್ವನದು. ಅದನ್ನು ನೀವು ಕೊಡಬೇಕು.”

ಯಾರೂ ಜಾಗ ಬಿಟ್ಟು ಕದಲಲಿಲ್ಲ. ಕಟ್ಟುಗಳು ಮತ್ತೆ ಮೇಲೆದ್ದವು.